ಕೇರ್ ಹೋಮ್ ಬೇಡ, ಆ ಎರಡು ಹಾಳೆ ಬೇಕು

ಇಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯವರು ಊರಲ್ಲಿ ಯಾರಿಗಾದರೂ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂತ ಕೇಳಿದ ಕೂಡಲೇ, ಅಲ್ಲಿ ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ಕೇರ್ ಹೋಮ್ ಇಲ್ಲವಲ್ಲ ಎಂದು ಕೊರಗುತ್ತಾರೆ. ಇಲ್ಲಿಂದ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಒಯ್ಯಬೇಕಾದದ್ದು ಕಟ್ಟಡವಲ್ಲ, ಬರೆದಿಡುವ ಅಭ್ಯಾಸ ಎಂಬುದು ನನ್ನ ಗಟ್ಟಿ ಅನಿಸಿಕೆ.

ಡಿಮೆನ್ಷಿಯಾ ಇರುವವರ ಬಗ್ಗೆ ಬರೆದಿಡಲು ಇಲ್ಲಿ ಎರಡು ನಮೂನೆಗಳು ಬಳಕೆಯಲ್ಲಿವೆ. 'ದಿಸ್ ಈಸ್ ಮಿ' ಎಂಬುದು ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯುವಂಥದ್ದು: ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಏನು ಕಂಡರೆ ಗಾಬರಿ, ಊಟ ಹೇಗೆ. 'ಹರ್ಬರ್ಟ್ ಪ್ರೋಟೋಕಾಲ್' ಎಂಬುದನ್ನು ಮನೆಯವರು ಮೊದಲೇ ತುಂಬಿಟ್ಟು, ಹಿರಿಯರು ಕಾಣೆಯಾದರೆ ಪೊಲೀಸರ ಕೈಗೆ ಕೊಡುತ್ತಾರೆ. ಇವಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

ಶಿಡ್ಲಘಟ್ಟದ ಕಡೆ ಜೀವಮಾನವೆಲ್ಲ ರೇಷ್ಮೆ ಸಾಕಿದವರು ನಡುರಾತ್ರಿ ಎದ್ದು, ಹುಳಕ್ಕೆ ಸೊಪ್ಪು ಹಾಕಬೇಕು ಎಂದು ಹೊರಟುಬಿಡಬಹುದು. ಅದು ಹುಚ್ಚಾಟವಲ್ಲ, ಹಳೆಯ ದಿನಚರಿ. ಆದ್ದರಿಂದ ಹಾಳೆಯಲ್ಲಿ ಈಗಿನ ವಿಳಾಸಕ್ಕಿಂತ ಹಳೆಯದೇ ಮುಖ್ಯ: ಮಾರಿಹೋದ ಹಿಪ್ಪುನೇರಳೆ ತೋಟ ಎಲ್ಲಿತ್ತು, ಗೂಡಿನ ಮಾರುಕಟ್ಟೆಗೆ ಯಾವ ದಾರಿ ಹಿಡಿಯುತ್ತಿದ್ದರು, ಡೇರಿಗೆ ಹಾಲು ಹಾಕುವ ಹೊತ್ತು ಯಾವುದು, ಹೆಂಗಸರಾದರೆ ತವರೂರು ಯಾವುದು. ಫೋಟೊ ಇತ್ತೀಚಿನದಿರಲಿ. ಕಾಣೆಯಾದರೆ ಕೃಷಿಹೊಂಡ, ಬಾವಿಗಳ ಕಡೆ ಮೊದಲು ಓಡಿ. ಅದೇ ಹೊತ್ತಿಗೆ ಒಬ್ಬರು ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಲಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ಸುಳ್ಳು ನಂಬಿಕೆ.

ಭಾಷೆಯನ್ನೂ ಬರೆದಿಡಿ. ಬಾಗೇಪಲ್ಲಿ, ಮುಳಬಾಗಿಲಿನ ಎಷ್ಟೋ ಹಿರಿಯರ ಮನೆಮಾತು ತೆಲುಗು. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಕೈಕೊಡುವುದುಂಟು. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನಿರುವವರು ತೆಲುಗಿನಲ್ಲಿ ನೋವೆಲ್ಲಿದೆ ಎಂದು ಹೇಳಿಯಾರು. ಇಲ್ಲಿನ ಕೇರ್ ಹೋಮುಗಳಲ್ಲಿ ಇಂಗ್ಲಿಷ್ ಮರೆತ ನಮ್ಮವರ ಮಾತು ತಿಳಿಯುವವರು ಸಿಗುವುದೇ ಅಪರೂಪ.

ಇನ್ನು ಮುದ್ದೆ. ಅಗಿಯದೆ ನುಂಗುವ ಊಟ ಅದು. ಊಟದಲ್ಲಿ ಕೆಮ್ಮು, ಬಾಯಲ್ಲೇ ತುತ್ತು ಉಳಿಯುವುದು, ಉಂಡಮೇಲೆ ಗೊರಗೊರ ದನಿ ಕಂಡರೆ ಮುದ್ದೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಗಂಟಿಲ್ಲದ ಗಟ್ಟಿ ರಾಗಿ ಗಂಜಿಯನ್ನು ಸಣ್ಣ ಚಮಚದಲ್ಲಿ ಕೊಡಿ. ಮಲಗಿದಲ್ಲೇ ನೀರು ಹುಯ್ಯುವುದಂತೂ ಬೇಡವೇ ಬೇಡ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಹೆಚ್ಚಿದರೆ ಅದನ್ನು ಅರಳುಮರಳಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸ ಮಾತ್ರೆ, ಯಾವುದೂ ಇರಬಹುದು, ಅಂದೇ ಆಸ್ಪತ್ರೆಗೆ. ಮೊದಲ ಬಾರಿ ಮರೆವು ಕಂಡಾಗ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಲೇಬೇಕು, ಅವು ಸರಿಪಡಿಸಬಹುದಾದ ಕಾರಣಗಳು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಶುರುವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಜಿಲ್ಲಾಸ್ಪತ್ರೆಯಲ್ಲೇ ವಿಚಾರಿಸಿ. ಇಂಗ್ಲೆಂಡಿನಲ್ಲಿ ಮರೆವಿನ ತಪಾಸಣೆ ಮಾಡುವ ಮೆಮೊರಿ ಕ್ಲಿನಿಕ್ಕಿಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಹಣದ ವಿಷಯದಲ್ಲಿ ಇಂಗ್ಲೆಂಡಿನ ಕಾನೂನೇ ಮೇಲು. ಇಲ್ಲಿ ಬುದ್ಧಿ ನೆಟ್ಟಗಿರುವಾಗ ಬರೆದುಕೊಟ್ಟ ಒಂದು ಬಗೆಯ ಅಧಿಕಾರಪತ್ರ ಆಮೇಲೂ ನಡೆಯುತ್ತದೆ. ನಮ್ಮಲ್ಲಿ ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದರೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬಿದ್ದುಹೋಗುತ್ತದೆ, ಕೊನೆಗೆ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಸಹಿಯ ಅರ್ಥ ಅವರಿಗೆ ತಿಳಿಯುವಾಗಲೇ, ಅವರು ಒಪ್ಪಿದರೆ, ಜಂಟಿ ಖಾತೆ ಮಾಡಿಸಿ.

ನೋಡಿಕೊಳ್ಳುವವರ ಬಗ್ಗೆ ನನಗೆ ಹೆಚ್ಚು ಸಂಕಟ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಪ್ರಕಾರ ಆರೈಕೆ ಮಾಡುವವರ ಅಗತ್ಯವನ್ನೂ ಸ್ಥಳೀಯ ಆಡಳಿತ ಪ್ರತ್ಯೇಕವಾಗಿ ಅಳೆಯಬೇಕು. ನಮ್ಮಲ್ಲಿ ಸೊಸೆ ಅಥವಾ ಮಗಳು ರಾತ್ರಿಯೆಲ್ಲ ಎದ್ದಿರುತ್ತಾಳೆ. ಬಂದ ನೆಂಟರು "ನಾನ್ಯಾರು ಹೇಳು ನೋಡೋಣ" ಎಂದು ಹಿರಿಯರನ್ನು ಪರೀಕ್ಷೆಗೆ ಕೂರಿಸಿ, ಕಾಫಿ ಕುಡಿದು ಹೊರಡುತ್ತಾರೆ. ವಿಡಿಯೊ ಕಾಲ್‌ನಲ್ಲಿ ನಾವೂ ಅದನ್ನೇ ಮಾಡುತ್ತೇವೆ. "ಅಣ್ಣಾ, ನಾನು ನಿಮ್ಮ ಚಿಕ್ಕ ಮಗ" ಎಂದು ಅಪ್ಪನಿಗೆ ಮೊದಲೇ ಹೇಳಿಬಿಡಿ. ದುಡ್ಡು ಕಳಿಸುವವರು ವಾರಕ್ಕೆರಡು ಮಧ್ಯಾಹ್ನ ಹಿರಿಯರ ಜೊತೆ ಕೂರುವ ಒಬ್ಬರಿಗೆ ಸಂಬಳ ಗೊತ್ತುಮಾಡಿ, ಆ ಹೊತ್ತು ಆ ಸೊಸೆಯೋ ಮಗಳೋ ನಿದ್ದೆ ಮಾಡಲಿ. ಮನಸ್ಸು ಕುಗ್ಗಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಹಿರಿಯರ ಸಹಾಯವಾಣಿ 14567: ಎರಡನ್ನೂ ಅವಳ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.