ಹದಿನಾಲ್ಕಕ್ಕೆ ಹದಿನಾಲ್ಕು ಕೂಡಿದ್ರೆ ಹದಿನೆಂಟು

ಹೋದ ಭಾನುವಾರ ನನ್ನ ಜರ್ಸಿ ಅಂಗಡಿ ಷಟರ್ ಎಳೆಯೋ ಹೊತ್ತಿಗೆ ನಾಲ್ಕು ಜನ ಬಂದ್ರು. ನಮ್ಮೂರಿನ ಎರಡು ಫುಟ್ಬಾಲ್ ಟೀಮಿನವರು, ಇಬ್ಬರು ಕೆಂಪು ಟೀಮು, ಇಬ್ಬರು ನೀಲಿ ಟೀಮು. ಈ ಎರಡು ಕಡೆಯವರು ಒಟ್ಟಿಗೆ ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಇಷ್ಟು ವರ್ಷದಲ್ಲಿ ಇದೇ ಮೊದಲು. ಯಾರೋ ಹಳೇ ಪ್ಲೇಯರ್ ತೀರ್ಕೊಂಡಿರ್ಬೇಕು ಅಂತ ಎದೆ ಧಸಕ್ ಅಂತು. ಅದಲ್ಲ. "ಅಣ್ಣಾ, ಎರಡೂ ಟೀಮು ಒಂದು ಮಾಡೋಣ ಅಂತಿದೀವಿ. ಎರಡು ಲೋಗೋನೂ ಸೇರಿಸಿ ಒಂದು ಮಾಡ್ಕೊಡಿ. ಬಣ್ಣ ನೀವೇ ನೋಡಿ ಹೇಳಿ."

ನಾನೇನು ಹೇಳ್ಲಿ? ಕೆಂಪಿಗೆ ನೀಲಿ ಬೆರೆಸಿದ್ರೆ ನೇರಳೆ ಬರುತ್ತೆ. ಹಾಗಂದಿದ್ದಕ್ಕೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

ಹೋಗೋವಾಗ ಜರ್ಸಿ ಪಟ್ಟಿ ವಾಟ್ಸಾಪ್ ಮಾಡಿದ್ರು. ಇಪ್ಪತ್ತೆಂಟು ಹೆಸರು, ಸೈಜು, ನಂಬರು. ರಾತ್ರಿ ಊಟ ಆದ್ಮೇಲೆ ನೋಡ್ತೀನಿ, ಒಂದನೇ ನಂಬರ್ ಇಬ್ಬರಿಗೆ, ಏಳು ಇಬ್ಬರಿಗೆ, ಹತ್ತು ಮೂವರಿಗೆ. ಫೋನ್ ಮಾಡಿ ಕೇಳಿದ್ರೆ "ಸದ್ಯಕ್ಕೆ ಹಾಗೇ ಇರ್ಲಿ ಅಣ್ಣ, ಆಮೇಲೆ ನೋಡೋಣ" ಅಂದ್ರು. ಜರ್ಸಿ ಪ್ರಿಂಟಿಗೆ ಹೋದ್ಮೇಲೆ ಇನ್ನೇನು ನೋಡೋದು? ಅದಕ್ಕೇ ಈ ಪೋಸ್ಟು.

ಮೊದ್ಲು ನನ್ನ ಪಕ್ಷಪಾತ ಒಪ್ಕೊಂಡ್ಬಿಡ್ತೀನಿ. ನಾನು ಕೆಂಪು ಟೀಮಿಗೆ ಒಂಬತ್ತು ವರ್ಷ ಲೆಫ್ಟ್ ಬ್ಯಾಕ್ ಆಡ್ದೋನು. ಆ ಒಂಬತ್ತು ವರ್ಷದಲ್ಲಿ ಜನ ನೆನಪಿಟ್ಕೊಂಡಿರೋದು ಒಂದೇ ಒಂದು ಒದೆತ. ನೀಲಿಯವರ ಮೇಲಿನ ಮ್ಯಾಚಲ್ಲಿ ಕ್ರಾಸ್ ಕ್ಲಿಯರ್ ಮಾಡೋಕೆ ಹೋಗಿ ನಮ್ಮದೇ ಗೋಲಿಗೆ ಹೊಡ್ದೆ. ಮೊನ್ನೆ ಒಂದು ಮದುವೆ ಮನೇಲಿ ಎಲೆ ಮುಂದೆ ಕೂತಿದ್ದಾಗ, ಪಾಯಸ ಬಡಿಸ್ತಿದ್ದ ನೀಲಿ ಟೀಮಿನ ಹಳೇ ಕ್ಯಾಪ್ಟನ್ನು "ಇವರಿಗೆ ಎರಡು ಸೌಟು ಹಾಕ್ರಪ್ಪಾ, ನಮಗೆ ಗೋಲ್ ಹೊಡ್ದವ್ರು" ಅಂತ ಕೂಗಿದ್ರು. ಇಡೀ ಪಂಕ್ತಿ ನಕ್ತು. ನಾನೂ ನಕ್ಕೆ. ಟೀಮ್ ಒಂದಾಗ್ಬಿಟ್ರೆ ಈ ಜೋಕಿಗೆ ಅರ್ಥ ಎಲ್ಲಿರುತ್ತೆ ಹೇಳಿ.

ಒಂದಾಗೋಣ ಅನ್ನೋರ ಕಷ್ಟ ಸುಳ್ಳಲ್ಲ. ಹೋದ ವರ್ಷ ನೀಲಿಯವರು ಒಂದು ಮ್ಯಾಚಿಗೆ ಆರೇ ಜನ ಬಂದ್ರು. ಏಳು ಜನಕ್ಕಿಂತ ಕಮ್ಮಿ ಇದ್ರೆ ರೆಫ್ರಿ ಆಟ ಶುರು ಮಾಡೋ ಹಾಗೇ ಇಲ್ಲ, ಅದು ಫುಟ್ಬಾಲಿನ ನಿಯಮ. ಬೂಟು ಕಟ್ಕೊಂಡು, ಕಾಲಿಗೆ ಎಣ್ಣೆ ತಿಕ್ಕೊಂಡು ಬಂದಿದ್ದ ಆರು ಹುಡುಗರು ಬೌಂಡರಿ ಗೆರೆ ಮೇಲೆ ಕೂತು ರಸ್ತೆ ಕಡೆ ನೋಡ್ತಾ ಇದ್ರು. ಒಬ್ಬನಿಗೆ ಎಕ್ಸಾಮು, ಇಬ್ಬರಿಗೆ ನೈಟ್ ಶಿಫ್ಟು, ಒಬ್ಬನ ಅಕ್ಕನ ಸೀಮಂತ. ಇಪ್ಪತ್ತು ನಿಮಿಷ ಕಾದ್ರು, ಏಳನೆಯವನು ಬರ್ಲಿಲ್ಲ. ಎದುರು ಟೀಮಿಗೆ ವಾಕ್ ಓವರ್. ನೋಡೋಕಾಗ್ಲಿಲ್ಲ. ಕೆಂಪಿನವರ ಕಥೆ ಬೇರೆ ಇಲ್ಲ, ಗೋಲ್ ಕೀಪರ್ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದ್ಮೇಲೆ ಸೆಂಟರ್ ಫಾರ್ವರ್ಡೇ ಗ್ಲೌಸ್ ಹಾಕ್ಕೊಂಡು ನಿಲ್ತಾನೆ. ಎಂಟ್ರಿ ಫೀಸು, ಬಾಲು, ವ್ಯಾನಿನ ಬಾಡಿಗೆ, ಎಲ್ಲದಕ್ಕೂ ಅದೇ ನಾಲ್ಕು ಅಂಗಡಿ ಮುಂದೆ ಇಬ್ಬರೂ ರಸೀದಿ ಪುಸ್ತಕ ಹಿಡ್ಕೊಂಡು ನಿಲ್ಬೇಕು.

ಅದಕ್ಕೆ ಸೇರಿಸ್ಬಿಡೋಣ, ಹದಿನಾಲ್ಕಕ್ಕೆ ಹದಿನಾಲ್ಕು ಇಪ್ಪತ್ತೆಂಟಾಗುತ್ತೆ ಅಂತ ಲೆಕ್ಕ. ಲೆಕ್ಕ ತಪ್ಪಿರೋದು ಅಲ್ಲೇ. ನಾವು ಆಡೋ ಟೂರ್ನಮೆಂಟುಗಳಲ್ಲಿ ಮ್ಯಾಚ್ ಪಟ್ಟಿಗೆ ಬರೆಯೋದು ಹದಿನೆಂಟು ಹೆಸರು. ಒಳಗಿಳಿಯೋದು ಹನ್ನೊಂದು, ಬದಲಿ ಸಿಕ್ಕಿದ್ರೆ ಇನ್ನೊಂದೈದು. ಆ ಹದಿನೆಂಟರಲ್ಲಿ ಹೆಸರೇ ಬರದ ಹತ್ತು ಹುಡುಗರು ಮೊದಲ ತಿಂಗಳು ಗೆರೆ ಆಚೆ ನಿಂತು ಚಪ್ಪಾಳೆ ತಟ್ತಾರೆ. ಎರಡನೇ ತಿಂಗಳು ಮನೇಲಿ ಮಲಗಿರ್ತಾರೆ.

ಆ ಹತ್ತು ಯಾರು ಅಂತ ನಾನು ಈಗ್ಲೇ ಹೇಳ್ಬಲ್ಲೆ. ಜರ್ಸಿ ಪಟ್ಟೀಲಿ ಹತ್ತೊಂಬತ್ತನೇ ಹೆಸರು ಒಬ್ಬ ಪಂಚರ್ ಅಂಗಡಿ ಹುಡುಗಂದು. ವಾರಕ್ಕೆ ಒಂದೇ ದಿನ ರಜಾ, ಪ್ರಾಕ್ಟೀಸಿಗೆ ಬರೋಕಾಗಲ್ಲ, ಮ್ಯಾಚಿಗೆ ಬರ್ತಾನೆ. ಕೊನೇ ಇಪ್ಪತ್ತು ನಿಮಿಷಕ್ಕೆ ಒಳಗೆ ಇಳಿಸಿದ್ರೆ ದೆವ್ವ ಮೆಟ್ಟಿದೋನ ಹಾಗೆ ಓಡ್ತಾನೆ. ಹೋದ ಸಲ ಜರ್ಸಿ ತಗೊಳೋಕೆ ಬಂದಾಗ ಬಟ್ಟೆಗೆ ಮಸಿ ಆಗುತ್ತೆ ಅಂತ ಕೈ ಬೆನ್ನ ಹಿಂದೆ ಕಟ್ಕೊಂಡು ನಿಂತಿದ್ದ. "ಹೆಸರು ಕನ್ನಡದಲ್ಲೇ ಹಾಕಿ ಅಣ್ಣ, ಅಮ್ಮ ಓದ್ಬೇಕು" ಅಂದ. ಈಗಿನ ಟೀಮಲ್ಲಿ ಅವನು ಬೇಕು, ಅವನಿಲ್ಲದೆ ನಡೆಯಲ್ಲ. ಇಪ್ಪತ್ತೆಂಟರಲ್ಲಿ ಅವನು ಯಾರಿಗೂ ಬೇಡ. ಈ ಹುಡುಗರನ್ನ ಯಾರಾದ್ರೂ ಒಂದು ಮಾತು ಕೇಳಿದೀರಾ? ಕೋಳೀನ ಕೇಳಿ ಮಸಾಲೆ ಅರೀತಾರಾ ಅಂತೀರೇನೋ.

ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಯುರೋಪಿನ ಉದಾಹರಣೆ ಹಾಕಿದ್ರು. ರೋಮಾ ಹುಟ್ಟಿದ್ದೇ 1927ರಲ್ಲಿ ಮೂರು ಕ್ಲಬ್ ಸೇರಿ, ಸ್ಯಾಂಪ್‌ಡೋರಿಯಾ 1946ರಲ್ಲಿ ಎರಡು ಸೇರಿ, ಅದು 1991ರಲ್ಲಿ ಇಟಲಿ ಚಾಂಪಿಯನ್ನೂ ಆಯ್ತು ಅಂತ. ನಿಜ. ಆದ್ರೆ ಅರ್ಧ ಕಥೆ. ರೋಮ್‌ನಲ್ಲಿ ಲಾಜಿಯೋ ಅನ್ನೋ ಕ್ಲಬ್ ಸೇರೋಕೆ ಒಪ್ಪದೆ ಹೊರಗೇ ಉಳೀತು. ಸ್ಯಾಂಪ್‌ಡೋರಿಯಾ ಊರಲ್ಲಿ ಜಿನೋವಾ ಕ್ಲಬ್ ಹಾಗೇ ಇತ್ತು. ಅಂದ್ರೆ ಸೇರಿದ್ಮೇಲೂ ಅದೇ ಊರಲ್ಲಿ ಜಗಳ ಆಡೋಕೆ ಒಬ್ಬ ಎದುರಾಳಿ ಉಳ್ಕೊಂಡಿದ್ದ. ನಮ್ಮಲ್ಲಿರೋದೇ ಎರಡು. ಸೇರಿಸಿದ್ಮೇಲೆ ಯಾರ ಮೇಲೆ ಆಡ್ತೀರಾ, ಕನ್ನಡಿ ಮುಂದೆ ನಿಂತ್ಕೊಂಡಾ? ಇನ್ನೊಂದು ಮಾತು, ಸ್ಯಾಂಪ್‌ಡೋರಿಯಾ ಜರ್ಸಿ ನೋಡಿ. ನೀಲಿ ಮೇಲೆ ಬಿಳಿ, ಕೆಂಪು, ಕಪ್ಪು ಪಟ್ಟಿ. ಎರಡೂ ಕ್ಲಬ್ಬಿನ ಬಣ್ಣಾನ ಪಕ್ಕಪಕ್ಕ ಇಟ್ಟಿದಾರೆ, ಕಲಸಿಲ್ಲ. ಜರ್ಸಿ ಹೊಲಿಸೋನಾಗಿ ಆ ಡಿಸೈನಿಗೆ ಕೈ ಮುಗೀತೀನಿ.

ಅಷ್ಟು ದೂರ ಯಾಕೆ, ಕಲ್ಕತ್ತಾ ನೋಡಿ. ಮೋಹನ್ ಬಗಾನ್ 1889ರ ಕ್ಲಬ್ಬು. 1911ರಲ್ಲಿ ಇಂಗ್ಲಿಷರ ರೆಜಿಮೆಂಟ್ ಟೀಮನ್ನ ಸೋಲಿಸಿ ಐಎಫ್‌ಎ ಶೀಲ್ಡ್ ಟೂರ್ನಮೆಂಟ್ ಗೆದ್ದವರು. 2020ರಲ್ಲಿ ಅವರನ್ನ ಎಟಿಕೆ ಅನ್ನೋ, 2014ರಲ್ಲಷ್ಟೇ ಹುಟ್ಟಿದ್ದ ಕಲ್ಕತ್ತಾದ ಇನ್ನೊಂದು ಕ್ಲಬ್ ಜೊತೆ ಸೇರಿಸಿದ್ರು, ಹೆಸರು ಎಟಿಕೆ ಮೋಹನ್ ಬಗಾನ್ ಆಯ್ತು. ಒಬ್ಬರ ದುಡ್ಡು, ಇನ್ನೊಬ್ಬರ ಹೆಸರು. ಅಭಿಮಾನಿಗಳು ಸುಮ್ನಿರ್ಲಿಲ್ಲ, ಎಟಿಕೆ ತೆಗೀರಿ ಅಂತ ವರ್ಷಗಟ್ಟಲೆ ಬೊಬ್ಬೆ ಹೊಡೆದ್ರು. 2023ರ ಮಾರ್ಚಲ್ಲಿ ನಮ್ಮ ಬೆಂಗಳೂರು ಎಫ್‌ಸಿನ ಫೈನಲಲ್ಲಿ ಪೆನಾಲ್ಟಿ ಮೇಲೆ ಸೋಲಿಸಿ ದೇಶದ ಕ್ಲಬ್ಬುಗಳ ಲೀಗ್ ಆದ ಐಎಸ್‌ಎಲ್ ಗೆದ್ರಲ್ಲ (ಆ ರಾತ್ರಿ ನಾನು ಟಿವಿ ಆಫ್ ಮಾಡಿ ಮಲಗ್ದೆ), ಅದೇ ಹೊತ್ತಿಗೆ ಮಾಲೀಕರು ಹೆಸರಿಂದ ಎಟಿಕೆ ತೆಗೀತೀವಿ ಅಂತ ಘೋಷಣೆ ಮಾಡಿದ್ರು. ಟ್ರೋಫಿ ಗೆದ್ದ ಟೀಮಿಗೇ ಹೆಸರು ವಾಪಸ್ ಕೊಡ್ಬೇಕಾಗಿ ಬಂತು. ನಮ್ಮಲ್ಲಿ ದುಡ್ಡಿರೋ ಕಡೆ ಯಾವುದು, ಹೆಸರಿರೋ ಕಡೆ ಯಾವುದು ಅಂತ ನಾನು ಬರೆಯಲ್ಲ. ಓದೋರಿಗೆ ಗೊತ್ತು.

"ಒಂದೇ ಗಟ್ಟಿ ಟೀಮ್ ಇದ್ರೆ ನಮ್ಮ ಹುಡುಗರು ರಾಜ್ಯ ಟೀಮಿಗೆ ಹೋಗ್ತಾರೆ" ಅನ್ನೋ ಮಾತೂ ಬಂತು. 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯಾನ 3-2ರಲ್ಲಿ ಸೋಲಿಸಿ 54 ವರ್ಷ ಆದ್ಮೇಲೆ ರಾಜ್ಯ ರಾಜ್ಯಗಳ ಮಧ್ಯೆ ಆಡೋ ಸಂತೋಷ್ ಟ್ರೋಫಿ ತಂದಿದ್ದು ನೆನಪಿದೆಯಲ್ಲ. ಅದಕ್ಕೂ ಮುಂಚೆ ನಾಲ್ಕು ಸಲ ಗೆದ್ದಿದ್ದು ಮೈಸೂರು ಅನ್ನೋ ಹೆಸರಲ್ಲಿ, ಅಂದ್ರೆ ಹಳೇ ಮೈಸೂರು ರಾಜ್ಯದ ಹೆಸರಲ್ಲಿ. ಅದು ಆರಿಸಿದ ತಂಡ ಕಣ್ರೀ. ಬೇರೆ ಬೇರೆ ಕ್ಲಬ್ಬಿಂದ ಹುಡುಗರನ್ನ ಕರೀತಾರೆ, ಆಡಿಸ್ತಾರೆ, ಮುಗಿದ್ಮೇಲೆ ಅವರವರ ಕ್ಲಬ್ಬಿಗೆ ವಾಪಸ್. ಆರಿಸೋಕೆ ಕ್ಲಬ್ಬುಗಳಿರ್ಬೇಕಲ್ಲ. ಹೊರ ಊರಿನ ಟೂರ್ನಮೆಂಟಿಗೆ ನಾವೂ ಹಾಗೇ ಒಂದು ಜಂಟಿ ಟೀಮ್ ಕಳಿಸ್ಬಹುದು. ಮಂಡ್ಯಕ್ಕೋ ಹಾಸನಕ್ಕೋ ಹೋಗ್ಲಿ, ಒಂದೇ ವ್ಯಾನಲ್ಲಿ ಹೋಗ್ಲಿ. ವಾಪಸ್ ಬಂದು ಇಳೀವಾಗ ಅವರವರ ಬೀದಿಗೆ ಇಳೀಲಿ.

ಹುಡುಗರು ಕೂಡಿ ಮಾಡೋ ಕೆಲಸ ಇಲ್ಲ ಅಂತಲ್ಲ. ನಾವು ಆಡೋ ಮೈದಾನದಲ್ಲಿ ಯಾವುದೋ ಸಮಾರಂಭ ಆಯ್ತು, ಶಾಮಿಯಾನದವರು ಗೂಟ ಕಿತ್ಕೊಂಡು ಹೋದ್ರು, ಮೊಳೆ ಬಿಟ್ಟು ಹೋದ್ರು. ಮಾರನೇ ದಿನ ಬೆಳಗ್ಗೆ ನೀಲಿ ಹುಡುಗನೊಬ್ಬ ಹಳೇ ಸ್ಪೀಕರಿನ ಮ್ಯಾಗ್ನೆಟ್ ಬಿಚ್ಕೊಂಡು ಬಂದು, ಹಗ್ಗ ಕಟ್ಟಿ, ನಾಯಿ ಎಳ್ಕೊಂಡು ಹೋಗೋ ಹಾಗೆ ಮೈದಾನದ ತುಂಬ ಎಳೆದ. ಅವನ ಹಿಂದೆ ಕೆಂಪು, ನೀಲಿ ಎರಡೂ ಕಡೆಯವರು ಸಾಲಾಗಿ ಬಗ್ಗಿ ಮೊಳೆ, ಗಾಜು, ಬಾಟಲ್ ಮುಚ್ಚಳ ಆರಿಸಿದ್ರು. ಅರ್ಧ ಪೇಂಟ್ ಡಬ್ಬ ತುಂಬ್ತು. ಎಂಟು ಗಂಟೆಗೆ ಮೈದಾನ ಕ್ಲೀನ್. ಎಂಟೂಕಾಲಿಗೆ ಅದೇ ಹುಡುಗರು ಥ್ರೋ ಇನ್ ಯಾರದು ಅಂತ ಕಾಲರ್ ಹಿಡ್ಕೊಂಡಿದ್ರು.

ನನಗೆ ಬೇಕಿರೋ ಸೇರ್ಪಡೆ ಅಷ್ಟೇ. ಮೈದಾನದ ಬಾಡಿಗೆ ಒಟ್ಟಿಗೆ ಕಟ್ಟಿ. ಗೋಲ್ ಕೀಪರುಗಳಿಗೆ ಹೇಳ್ಕೊಡೋಕೆ ಒಬ್ಬರನ್ನ ಎರಡೂ ಕಡೆಯವರು ಸೇರಿ ಕರೆಸಿ. ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಒಂದೇ ಕ್ಯಾಂಪ್ ಇರ್ಲಿ, ಬಣ್ಣ ಆಮೇಲೆ ಅವರೇ ಆರಿಸ್ಕೊಳ್ಳಲಿ. ರಸೀದಿ ಪುಸ್ತಕ ಮಾತ್ರ ಎರಡಿರ್ಲಿ, ಯಾಕಂದ್ರೆ ನಮ್ಮ ಅಂಗಡಿಗಳವರು ದುಡ್ಡು ಕೊಡೋದು ಫುಟ್ಬಾಲಿಗಲ್ಲ, ಎದುರು ಅಂಗಡಿಯವನು ಆ ಟೀಮಿಗೆ ಎಷ್ಟು ಕೊಟ್ಟ ಅಂತ ಕೇಳಿ ಕೊಡೋದು. ನಾನೂ ಹಾಗೇ ಕೊಡೋದು. ಸಾಧಾರಣ ಮ್ಯಾಚಿಗೆ ಗೆರೆ ಸುತ್ತ ಮೂವತ್ತು ಜನ ಇದ್ರೆ ಹೆಚ್ಚು. ಕೆಂಪು-ನೀಲಿ ಇದ್ದಾಗ ಚುರುಮುರಿಯವನು ತಳ್ಳೋ ಗಾಡಿ ಸಮೇತ ಬರ್ತಾನೆ, ಯಾವತ್ತಾದ್ರೂ ಗಮನಿಸಿದೀರಾ? ಅವನಿಗೆ ಪಾಯಿಂಟ್ಸ್ ಟೇಬಲ್ ಗೊತ್ತಿಲ್ಲ, ವ್ಯಾಪಾರ ಎಲ್ಲಾಗುತ್ತೆ ಅನ್ನೋದು ಗೊತ್ತು.

ಕೊನೇದಾಗಿ ಆ ನಾಲ್ವರಿಗೆ. ಬಟ್ಟೆ ಆರ್ಡರ್ ಶನಿವಾರ ಹಾಕ್ತೀನಿ, ಅಷ್ಟರೊಳಗೆ ತೀರ್ಮಾನ ತಿಳಿಸಿ. ಕೆಂಪು ಹದಿನಾಲ್ಕು, ನೀಲಿ ಹದಿನಾಲ್ಕು ಅಂದ್ರೆ ಅಡ್ವಾನ್ಸ್ ಬೇಡ, ಮ್ಯಾಚ್ ಮುಗಿದ್ಮೇಲೆ ಕೊಡಿ. ನೇರಳೆ ಅಂದ್ರೆ ಪೂರ್ತಿ ದುಡ್ಡು ಮೊದ್ಲೇ ಇಡಿ. ಹತ್ತನೇ ನಂಬರ್ ಯಾರಿಗೆ ಅಂತಲೂ ನೀವೇ ಬರೆದು ಕಳಿಸಿ, ಆ ಜಗಳ ನನ್ನ ಅಂಗಡಿ ಒಳಗೆ ಬೇಡ.