ದಿನಕ್ಕೆರಡು ಪೆಗ್, ಊಟಕ್ಕೆ ಮುಂಚೆ

2020ರ ಮಾರ್ಚ್ ನೆನಪಿದ್ಯಲ್ಲ, ತಟ್ಟೆ ಬಡಿದ್ವಿ, ಬಾಗಿಲು ಹಾಕ್ಕೊಂಡ್ವಿ, ಎಣ್ಣೆ ಅಂಗಡಿ ಶಟರ್ರೂ ಬಿತ್ತು. ಬೆಳಗ್ಗೆ ಒಂದು ಕ್ವಾರ್ಟರ್ ಇಳಿಸ್ದೆ ಹಲ್ಲುಜ್ಜೋ ಬ್ರಷ್ ಹಿಡಿಯೋಕೂ ಕೈ ನಿಲ್ಲದವನಿಗೆ ದಿಢೀರಂತ ಸಪ್ಲೈ ನಿಂತ್ರೆ ಏನಾಗುತ್ತೆ? ಮೊದಲು ನಡುಕ, ಬೆವರು, ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್, ಮೂರನೇ ದಿನದ ಹೊತ್ತಿಗೆ ಗೋಡೆ ಮೇಲೆ ಇಲ್ಲದ ಹುಳ ಹರಿಯೋದು. ಇದಕ್ಕೇ ಡಾಕ್ಟ್ರು ವಿತ್‌ಡ್ರಾವಲ್ ಅನ್ನೋದು. ಕೇರಳದಲ್ಲಂತೂ ಕೆಲವರು ಜೀವಾನೇ ಕಳ್ಕೊಂಡ್ರು.

ಅಲ್ಲಿನ ಸರ್ಕಾರ ಯೋಚ್ನೆ ಮಾಡ್ತು, ಮಾಡಿ ಮಾರ್ಚ್ 30ಕ್ಕೆ ಒಂದು ಆರ್ಡರ್ ಹೊರಡಿಸ್ತು: ಸರ್ಕಾರಿ ಡಾಕ್ಟ್ರು 'ಇವನಿಗೆ ವಿತ್‌ಡ್ರಾವಲ್ ಇದೆ' ಅಂತ ಚೀಟಿ ಕೊಡ್ಲಿ, ಆ ಚೀಟಿ ತಗೊಂಡು ಅಬಕಾರಿ ಆಫೀಸಿಗೆ ಹೋದ್ರೆ ಪಾಸ್ ಸಿಗುತ್ತೆ, ಪಾಸ್ ಇದ್ರೆ ವಾರಕ್ಕೆ 3 ಲೀಟರ್‌ವರೆಗೂ ಮದ್ಯ. ನಮ್ಮಲ್ಲಿ ರೇಷನ್ ಕಾರ್ಡಿಗೆ ಹೆಸ್ರು ಸೇರಿಸೋಕೇ ಮೂರು ಸಲ ಅಲೀಬೇಕು, ಅಲ್ಲಿ ಕೈ ನಡುಗ್ತಾ ಇರೋನು ಅರ್ಜಿಗೆ ಸೈನ್ ಬೇರೆ ಹಾಕ್ಬೇಕು, ಸೈನ್ ನೆಟ್ಟಗೆ ಬಂದ್ರೆ ರೋಗಾನೇ ಇಲ್ಲ ಅಂತ ರಿಜೆಕ್ಟ್ ಮಾಡ್ತಿದ್ರೋ ಏನೋ. ಡಾಕ್ಟ್ರೇ, ರಮ್ಮು ಬರೆದ್ರಿ ಸರಿ, ಸೋಡಾ ಯಾವ ಕಂಪನೀದು? ಉಪ್ಪಿನಕಾಯಿ ಪಥ್ಯಾನಾ?

ಏಪ್ರಿಲ್ 1ರಂದು ಸರ್ಕಾರಿ ಡಾಕ್ಟ್ರುಗಳು ಕಪ್ಪು ಪಟ್ಟಿ ಕಟ್ಕೊಂಡು ಪ್ರತಿಭಟಿಸಿದ್ರು, ತಾರೀಖು ತಮಾಷೆಗೆ ಆರಿಸಿದ್ದಲ್ಲ, ಕಾಕತಾಳೀಯ. ಮಾರನೇ ದಿನ ಹೈಕೋರ್ಟು ಆರ್ಡರಿಗೆ ತಡೆ ಕೊಡ್ತು.

ಡಾಕ್ಟ್ರುಗಳಿಗೆ ಕೋಪ ಯಾಕೆ ಬಂತು ಅಂದ್ರೆ ಈ ರೋಗಕ್ಕೆ ಮದ್ದು ಯಾವತ್ತೋ ಗೊತ್ತಾಗಿದೆ. 1969ರಲ್ಲೇ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 537 ಜನರ ಮೇಲೆ ಟ್ರಯಲ್ ಮಾಡಿ ಬೇರೆ ಬೇರೆ ಮಾತ್ರೆ, ಜೊತೆಗೆ ಸುಮ್ನೆ ಡಮ್ಮಿ ಮಾತ್ರೇನೂ ಕೊಟ್ಟು ನೋಡಿದಾಗ ಕ್ಲೋರ್‌ಡಯಜೆಪಾಕ್ಸೈಡ್ ಅನ್ನೋ ನರ ಶಾಂತ ಮಾಡೋ ಮದ್ದು ತಗೊಂಡವರಲ್ಲಿ ಫಿಟ್ಸೂ ಸನ್ನಿಯೂ ತೀರಾ ಕಮ್ಮಿ. ಆಮೇಲೆ ಹತ್ತು ಪ್ರಶ್ನೆಯ ಒಂದು ಸ್ಕೋರ್ ಶೀಟೂ ಬಂತು, ನಡುಕ ಎಷ್ಟು, ಬೆವರು ಎಷ್ಟು, ಇವತ್ತು ಯಾವ ವಾರ ಅಂತೆಲ್ಲ, ಫುಲ್ ಮಾರ್ಕ್ಸ್ 67, ಈ ಪರೀಕ್ಷೇಲಿ ಮಾತ್ರ ಫೇಲ್ ಆಗೋದೇ ಒಳ್ಳೇದು. ಮಾತ್ರೆ, ಥಯಾಮಿನ್ ಅಂದ್ರೆ ವಿಟಮಿನ್ ಬಿ1 ಇಂಜೆಕ್ಷನ್, ಕೆಲವು ದಿನ ಒಂದು ಬೆಡ್ಡು, ನೋಡ್ಕೊಳ್ಳೋಕೆ ನರ್ಸು. ಒಂದು ಮಾತ್ರೆ ಒಂದು ಪೆಗ್‌ಗಿಂತ ಅಗ್ಗ, ಆದ್ರೆ ಸರ್ಕಾರಕ್ಕೆ ಅದರಲ್ಲಿ ಅಬಕಾರಿ ಸುಂಕ ಇಲ್ಲ ನೋಡಿ.

ನಾವು ನಕ್ಕಿದ್ದೇ ನಕ್ಕಿದ್ದು, ಮಲಯಾಳಿಗಳ ಮೀಮು ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಅವರು ಕೊಟ್ಟ ಮದ್ದು ತಪ್ಪೇ ಇರ್ಬಹುದು, ರೋಗ ಇದೆ ಅಂತಾದ್ರೂ ಪೇಪರ್ ಮೇಲೆ ಒಪ್ಕೊಂಡ್ರಲ್ಲ ಮಾರಾಯ್ರೇ. ನಮ್ಮಲ್ಲಿ ಹೋಲ್‌ಸೇಲ್ ಸರ್ಕಾರದ್ದೇ ನಿಗಮ, ಹಳ್ಳಿಹಳ್ಳೀಲಿ ಎಂಎಸ್‌ಐಎಲ್ ಬೋರ್ಡು, ಕುಡಿಸೋಕೆ ಇಷ್ಟು ಏರ್ಪಾಡು ಇರೋ ಮನೇಲಿ ಕುಡಿತ ನಿಂತಾಗ ನಡುಗೋನ ಕೈ ಹಿಡಿಯೋದು ಯಾವ ಇಲಾಖೆ ಕೆಲ್ಸ?

ಮೇ 4ಕ್ಕೆ ನಮ್ಮ ಕರ್ನಾಟಕದಲ್ಲಿ ಶಟರ್ ಎದ್ದಿತು. ಮೊದಲ ದಿನ 45 ಕೋಟಿ, ಮಾರನೇ ದಿನ 197 ಕೋಟಿ, ಮ್ಯಾಚ್ ಸ್ಕೋರ್ ತರ ಟೀವಿಲಿ ಓಡ್ತು. ಲಾಕ್‌ಡೌನಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ವಿತ್‌ಡ್ರಾವಲ್ ಕೇಸ್ ಹೆಂಗೆ ಏರಿತ್ತು ಅಂತ ನಿಮ್ಹಾನ್ಸ್‌ನವರೂ ಲೆಕ್ಕ ಹಾಕಿ ಇಂಗ್ಲಿಷ್ ಜರ್ನಲ್ಲಲ್ಲಿ ಬರೆದ್ರು. ಅದನ್ನ ಓದೋಕೆ ಸಾಹೇಬ್ರಿಗೆ ಪುರುಸೊತ್ತೆಲ್ಲಿ, ವೈನ್ ಶಾಪ್ ಮುಂದೆ ಸುಣ್ಣದಲ್ಲಿ ರೌಂಡು ಬರೆಸ್ಬೇಕಿತ್ತಲ್ಲ.