ಫಲಾನುಭವಿ ಮೇಷ್ಟ್ರು

ನಮ್ಮ ಬೀದಿಯ ಗಣಿತದ ಮೇಷ್ಟ್ರಿಗೆ ಈಗ 67. ಸರ್ಕಾರ 60ಕ್ಕೆ ಹಾರ ಹಾಕಿ ಮನೆಗೆ ಕಳಿಸಿತು. ಅವತ್ತಿನಿಂದ ಪೇಪರಿನ ಸುಡೊಕು ತುಂಬಿಸಿ ತುಂಬಿಸಿ ಬೇಜಾರಾಗಿದ್ದರು. ಹೋದ ತಿಂಗಳು ಸರ್ಕಲ್ಲಿನಲ್ಲಿ ಒಂದು ಬ್ಯಾನರ್ ಬಿತ್ತು: 'ಸ್ವಯಂಸೇವಕರು ಬೇಕಾಗಿದ್ದಾರೆ, ಎಲ್ಲ ವಯಸ್ಸಿನವರಿಗೂ ಸ್ವಾಗತ.' ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಎರಡು ಸೀಮೆಸುಣ್ಣ ಇಟ್ಟುಕೊಂಡು ಹೊರಟೇಬಿಟ್ಟರು.

"ಅಂಕಲ್, ಹುಟ್ಟಿದ ತಾರೀಖು?" ಅಂದಳು ಹೆಸರು ಬರೆದುಕೊಳ್ಳುವ ಹುಡುಗಿ. ಹೇಳಿದರು.

"ಹಾಗಾದ್ರೆ ನೀವು ಆ ಕಡೆ."

ಆ ಕಡೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮೇಲೆ 'ಫಲಾನುಭವಿಗಳು' ಅಂತ ಚೀಟಿ. "ನಾನು ಪಾಠ ಮಾಡೋಕೆ ಬಂದಿದ್ದಮ್ಮ" ಅಂದರೆ, "ಗೊತ್ತು ಅಂಕಲ್, ಮೊದಲು ಕೂತ್ಕೊಳ್ಳಿ, ಸುಸ್ತಾಗುತ್ತೆ" ಅಂತ ಉತ್ತರ. ಅರ್ಧ ಗಂಟೆಯಲ್ಲಿ ಮೇಷ್ಟ್ರ ಮೈಮೇಲೆ ಶಾಲು ಬಿತ್ತು, ತಲೆಗೆ ಪೇಟ ಬಂತು, ಕೈಗೆ ಸ್ಟಿಕ್ಕರ್ ಸಮೇತ ಒಂದು ಸೇಬು ಬಂತು. ಆಮೇಲೆ ಬಿಪಿ ನೋಡಿದರು. ಜಾಸ್ತಿ ಇತ್ತು. ಇರದೇ ಏನು ಮಾಡುತ್ತೆ!

ತಪ್ಪು ಆ ಹುಡುಗೀದಲ್ಲ ಬಿಡಿ. ನಮ್ಮಲ್ಲಿ ಸೇವೆಗೂ ವಯಸ್ಸಿನ ಲೆಕ್ಕ ಇದೆ. 2003ರ ರಾಷ್ಟ್ರೀಯ ಯುವ ನೀತಿ 13ರಿಂದ 35ರವರೆಗಿನವರನ್ನು ಯುವಜನ ಅಂದಿತು. 2014ರಲ್ಲಿ ಹೊಸ ನೀತಿ ಬಂದು ಅದನ್ನು 15ರಿಂದ 29ಕ್ಕೆ ಇಳಿಸಿತು. ಮೂವತ್ತು ದಾಟಿ ಆರಾಮಾಗಿ ಓಡಾಡಿಕೊಂಡಿದ್ದವರೆಲ್ಲ ಒಂದೇ ಏಟಿಗೆ ಯೌವನ ಕಳೆದುಕೊಂಡರು. ಇನ್ನು ಅರವತ್ತಾದರೆ ಹಿರಿಯ ನಾಗರಿಕ. ಹಾಗಾದರೆ ನಡುವಿನ ನಾವು? ನನಗೆ 44. ಅದೇ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣಾ, ನೀವು ಟೆಂಪೋ ಬಾಡಿಗೆ ಸ್ಪಾನ್ಸರ್ ಮಾಡ್ತೀರಾ?" ಅಂದಳು. ಮಾಡಿದೆ. ಊಟದ ಖರ್ಚಿಗೆ ನನಗಿಂತ ಎರಡು ವರ್ಷ ದೊಡ್ಡವರೊಬ್ಬರು ಸಿಕ್ಕರು.

ಅದೇ ಟೆಂಪೋದಲ್ಲಿ ಎಲ್ಲರೂ ಒಂದು ವೃದ್ಧಾಶ್ರಮಕ್ಕೆ ಹೋದೆವು. ಶನಿವಾರ ಬೇರೆ. ದೊಡ್ಡ ಕಂಪನಿಗಳು ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಹಣದ ಜೊತೆ ಈಗ ಉದ್ಯೋಗಿಗಳನ್ನೂ ಕಳಿಸುತ್ತಾರೆ, ಒಂದೇ ಬಣ್ಣದ ಟೀಶರ್ಟ್ ಹಾಕಿಸಿ. ನಾವು ಹೋದಾಗ ಅವರು ಕೇಕ್ ಕತ್ತರಿಸುತ್ತಿದ್ದರು. ಅವರಿಗಿಂತ ಮುಂಚೆ ಕಾಲೇಜಿನವರು ಕತ್ತರಿಸಿ ಹೋಗಿದ್ದರು. ನಮ್ಮ ಕೈಯಲ್ಲೂ ಒಂದು ಡಬ್ಬ ಇತ್ತು. ಮೂಲೆ ಮಂಚದ ಅಜ್ಜಿಗೆ ಸಕ್ಕರೆ ಕಾಯಿಲೆ. ಆದರೂ ಮೂರೂ ಸಲ ನಗುತ್ತಾ ಬಾಯಿ ತೆರೆದರು. ಫೋಟೋ ಆದ ಮೇಲೆ ಮೆಲ್ಲಗೆ ಸೆರಗಿನ ತುದಿಗೆ ಉಗುಳಿದರು. "ಪಾಪ, ದೂರದಿಂದ ಬಂದಿರ್ತೀರ. ಶನಿವಾರ ನಮಗೆ ಡ್ಯೂಟಿ ಮಗಾ" ಅಂದರು. ಸಂಬಳವಿಲ್ಲ, ಸರ್ಟಿಫಿಕೇಟ್ ಇಲ್ಲ, ಟೀಶರ್ಟೂ ಇಲ್ಲ. ಆ ಹಾಲಿನಲ್ಲಿ ನನಗೆ ಕಂಡ ಸ್ವಯಂಸೇವಕಿ ಅವರೊಬ್ಬರೇ.

ಅಂದಹಾಗೆ, ನಿವೃತ್ತ ಶಿಕ್ಷಕರೂ ಶಾಲೆಗೆ ಹೋಗಿ ಪಾಠ ಮಾಡಲಿ ಅಂತ ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ ಇದೆ. ಬ್ಯಾನರ್ ಕಟ್ಟಿದವರು ಮೇಷ್ಟ್ರಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಫಲಾನುಭವಿಗಳ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬೀಳುತ್ತಿತ್ತು, ಅಲ್ವಾ?

ಮರುದಿನ ಮೇಷ್ಟ್ರ ಮನೆಗೆ ಒಬ್ಬ ಕಾಲೇಜು ಹುಡುಗ ಬಂದ. ಹಿರಿಯರಿಗೆ ಮೊಬೈಲಿನಲ್ಲಿ ದುಡ್ಡು ಕಳಿಸೋದು ಕಲಿಸಬೇಕಂತೆ. ಅವನು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವನು. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದದ್ದು ಈ ಎನ್‌ಎಸ್‌ಎಸ್. 'ನನಗಲ್ಲ, ನಿನಗೆ' ಅನ್ನೋದು ಅದರ ಧ್ಯೇಯ. ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಮೇಷ್ಟ್ರು ಏಳು ವರ್ಷದಿಂದ ಮೊಬೈಲಿನಲ್ಲೇ ಕರೆಂಟ್ ಬಿಲ್ ಕಟ್ಟುತ್ತಿದ್ದಾರೆ. ಆದರೂ ಸುಮ್ನೆ ಕೂತು ಕಲಿತರು. ಹುಡುಗ ಹತ್ತು ನಿಮಿಷದಲ್ಲಿ ಮುಗಿಸಿ, ಡೈರಿ ಮುಂದೆ ಹಿಡಿದ. "ತಾತ, ಇಲ್ಲೊಂದು ಸೈನ್. ಎರಡು ಗಂಟೆ ಅಂತ ಬರ್ಕೊಂಡಿದೀನಿ. ಇವತ್ತಿಗೆ 120 ಆಯ್ತು."

ಮೇಷ್ಟ್ರು ಕನ್ನಡಕ ಏರಿಸಿ ಪುಟದ ಮೇಲಿಂದ ಕೆಳಗೆ ಬೆರಳು ಓಡಿಸಿದರು.

"ದಶಕ ಎರಡು ಸಲ ಹಿಡಿದಿದ್ದೀಯ ಕಣೋ. ಇದು 110."

"ಅಯ್ಯೋ! ಇನ್ನೂ ಐದು ಸಲ ಬರಬೇಕಾ ತಾತ?"

"ಭಾಗಾಕಾರ ಸರಿ ಇದೆ" ಅಂದರು ಮೇಷ್ಟ್ರು, ಜೇಬಿಗೆ ಕೈ ಹಾಕಿ ಸೀಮೆಸುಣ್ಣ ಹುಡುಕುತ್ತಾ. "ಕೂತ್ಕೋ. ಕೂಡೋದು ಮೊದಲಿಂದ ನೋಡೋಣ."